ಸೈಕಲ್ ಬದಲಿಸುವ ಮೊದಲು ಸೀಟು ಮೇಲೆತ್ತಿ ನೋಡಿ

ಪ್ರಶ್ನೆ: ನನಗೆ 46 ವರ್ಷ. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಮೂರು ತಿಂಗಳ ಹಿಂದೆ ಗೇರ್ ಇರುವ ಹೈಬ್ರಿಡ್ ಸೈಕಲ್ (ರಸ್ತೆ ಸೈಕಲ್ಲಿಗೂ ಮೌಂಟನ್ ಬೈಕಿಗೂ ನಡುವಿನ ಬಗೆ) ಕೊಂಡೆ. ವಾರಕ್ಕೆ ಮೂರು ದಿನ ಬೆಳಗ್ಗೆ 15 ಕಿ.ಮೀ. ಸುತ್ತಿ ಬರುತ್ತೇನೆ. ಅರ್ಧ ದಾರಿಗೆಲ್ಲ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಮೊಣಕಾಲಿನ ಮುಂಭಾಗ ನೋಯುತ್ತದೆ. ಏರು ಬಂದರೆ ಇಳಿದು ತಳ್ಳುತ್ತೇನೆ. ಹಿಂದಿನಿಂದ ಲಾರಿ ಬಂದ ಸದ್ದಾದರೆ ಹೆದರಿ ಪಕ್ಕದ ಮಣ್ಣಿಗೆ ಇಳಿದುಬಿಡುತ್ತೇನೆ. ಗೆಳೆಯರು ಮಣ್ಣಿನ ದಾರಿಗಳಿಗೆ, ಕಾಡಂಚಿನ ಟ್ರೇಲ್‌ಗಳಿಗೆ ಕರೆಯುತ್ತಿದ್ದಾರೆ. ಅದಕ್ಕೆ ಮೌಂಟನ್ ಬೈಕೇ ಬೇಕು ಅನ್ನುತ್ತಾರೆ. ಇದನ್ನು ಮಾರಿ ಅದನ್ನು ಕೊಳ್ಳಲೇ? ಅಥವಾ ಈ ವಯಸ್ಸಿಗೆ ಸೈಕಲ್ ನನಗೆ ಒಗ್ಗುವುದಿಲ್ಲವೇ?

ಉತ್ತರ: ಮಾರಬೇಡಿ. ಸದ್ಯಕ್ಕೆ ಕೊಳ್ಳಲೂ ಬೇಡಿ. ನೀವು ಹೇಳಿರುವ ನಾಲ್ಕು ತೊಂದರೆಗಳಲ್ಲಿ ಮೂರು ಸೀಟು, ಟಯರಿನ ಗಾಳಿ ಮತ್ತು ಗೇರು ಸರಿಯಿಲ್ಲದಾಗ ಬರುವಂಥವು. ನಾಲ್ಕನೆಯದು, ಲಾರಿಯ ಭಯ. ಅದು ರಸ್ತೆಯಲ್ಲಿ ಎಲ್ಲಿ ಹೋಗಬೇಕು ಅನ್ನುವ ಅಭ್ಯಾಸಕ್ಕೆ ಸೇರಿದ್ದು. ಇವನ್ನು ಸರಿ ಮಾಡಿಕೊಳ್ಳದೆ ಬೇರೆ ಸೈಕಲ್ ತಂದರೆ ನೋವೂ ಭಯವೂ ಅದರ ಜೊತೆಗೇ ಬರುತ್ತವೆ. ಇನ್ನು ವಯಸ್ಸಿನ ಮಾತು. ವಾರಕ್ಕೆ 45 ಕಿ.ಮೀ. ಈಗಾಗಲೇ ತುಳಿಯುತ್ತಿದ್ದೀರಿ, ನೋವಿದ್ದರೂ ಬಿಟ್ಟಿಲ್ಲ. ಒಗ್ಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಾಗಿದೆ.

ಮೊಣಕಾಲಿನಿಂದ ಶುರು ಮಾಡೋಣ. ನೋವು ಮುಂಭಾಗದಲ್ಲಿ ಅಂದರೆ ನಾನು ಮೊದಲು ನೋಡುವುದು ಸೀಟಿನ ಎತ್ತರ. ಬಹಳ ವರ್ಷಗಳ ಮೇಲೆ ಸೈಕಲ್ ಹತ್ತುವವರು ಸಾಮಾನ್ಯವಾಗಿ ಸೀಟನ್ನು ತೀರಾ ಕೆಳಗಿಟ್ಟುಕೊಳ್ಳುತ್ತಾರೆ. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಿದರೆ ಧೈರ್ಯ ಅನ್ನಿಸುತ್ತದೆ, ಅಲ್ವಾ? ಆದರೆ ಹಾಗೆ ಕೂತಾಗ ಪೆಡಲ್ ಮೇಲೆ ಬಂದಾಗಲೆಲ್ಲ ಮೊಣಕಾಲು ವಿಪರೀತ ಮಡಚುತ್ತದೆ. ಮಡಚಿದ ಕಾಲಿನಿಂದಲೇ ಬಲ ಹಾಕಿ ತುಳಿಯಬೇಕಾಗುತ್ತದೆ. ಮೊಣಕಾಲ ಚಿಪ್ಪಿನ ಹಿಂದೆ ಒತ್ತಡ ಜಾಸ್ತಿಯಾಗುತ್ತದೆ. ನಿಮಿಷಕ್ಕೆ 60 ಸುತ್ತು ಅಂದರೂ ಒಂದು ಗಂಟೆಗೆ ಒಂದೊಂದು ಕಾಲು 3,600 ಸಲ ಹೀಗೆ ಮಡಚುತ್ತದೆ. ನೋಯದೆ ಇನ್ನೇನಾಗುತ್ತದೆ?

ಸರಿಯಾದ ಎತ್ತರ ಹುಡುಕಲು ಯಾವ ಯಂತ್ರವೂ ಬೇಡ. ಗೋಡೆಗೆ ಒರಗಿಕೊಂಡು ಸೈಕಲ್ ಮೇಲೆ ನೇರ ಕೂತುಕೊಳ್ಳಿ. ದಿನಾ ಹಾಕುವ ಶೂ ಹಾಕಿರಲಿ. ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೆಟ್ಟಗೆ ನಿಲ್ಲಬೇಕು, ಆದರೆ ಸೊಂಟ ಒಂದು ಕಡೆ ವಾಲಬಾರದು. ಅಷ್ಟೇ. ತುಳಿಯುವಾಗ ಪಾದದ ಮುಂಭಾಗ, ಅಂದರೆ ಹೆಬ್ಬೆರಳ ಬುಡದ ಉಬ್ಬು, ಪೆಡಲಿನ ನಡುವೆ ಇರಲಿ. ಆಗ ಕೆಳಗೆ ಬಂದ ಕಾಲು ತಾನಾಗಿ ಸ್ವಲ್ಪ ಬಾಗಿರುತ್ತದೆ. ಸುಮಾರು 25ರಿಂದ 35 ಡಿಗ್ರಿ ಬಾಗು ಇದ್ದರೆ ಮೊಣಕಾಲಿಗೆ ಹಿತ. ಈಗಿರುವ ಎತ್ತರಕ್ಕೂ ಇದಕ್ಕೂ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಒಂದೇ ದಿನ ಏರಿಸಬೇಡಿ. ಒಂದೆರಡು ಸವಾರಿಗೊಮ್ಮೆ ಅರ್ಧ ಅರ್ಧ ಸೆಂಟಿಮೀಟರ್ ಏರಿಸಿ. ಸೀಟ್ ಕಂಬದ ಮೇಲೆ ಒಂದು ಗೆರೆ ಕೆತ್ತಿರುತ್ತದೆ, ಕಂಬವನ್ನು ಅಲ್ಲಿಯವರೆಗೆ ಮಾತ್ರ ಎಳೆಯಬಹುದು ಎಂದು ತೋರಿಸುವ ಗುರುತು ಅದು. ಆ ಗೆರೆ ಹೊರಗೆ ಕಾಣಬಾರದು. ಮೀರಿ ಎಳೆದರೆ ಕಂಬ ಬಾಗುತ್ತದೆ, ಇಲ್ಲವೇ ಚೌಕಟ್ಟೇ ಸೀಳುತ್ತದೆ.

ಎತ್ತರ ಜಾಸ್ತಿಯಾದರೂ ದೇಹವೇ ಹೇಳುತ್ತದೆ. ಮೊಣಕಾಲಿನ ಹಿಂಭಾಗ ಎಳೆಯುತ್ತದೆ. ಹಿಂದೆ ಬರುವವರಿಗೆ ನಿಮ್ಮ ಸೊಂಟ ಆಚೀಚೆ ಆಡುವುದು ಕಾಣುತ್ತದೆ. ಆಗ ಕೊಂಚ ಇಳಿಸಿ. ಸರಿ, ಹಾಗಾದರೆ ನಿಲ್ಲಿಸುವಾಗ ಕಾಲು ನೆಲಕ್ಕೆ ಎಟುಕುವುದಿಲ್ಲವಲ್ಲ ಅಂತ ಕೇಳುತ್ತೀರಿ. ಎಟುಕಬೇಕಾಗಿಯೂ ಇಲ್ಲ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ಕೆಳಗಿನ ಪೆಡಲ್ ಮೇಲೆ, ಇನ್ನೊಂದು ನೆಲದ ಮೇಲೆ. ಖಾಲಿ ಜಾಗದಲ್ಲಿ ಹದಿನೈದು ಇಪ್ಪತ್ತು ಸಲ ಹತ್ತಿ ಇಳಿದು ಮಾಡಿ. ಆಮೇಲೆ ಯೋಚಿಸದೆಯೇ ಬರುತ್ತದೆ.

ಮೊಣಕಾಲಿಗೆ ಇನ್ನೊಂದು ಕಾರಣ ಗೇರು. ಏರಿನಲ್ಲಿ ಇಳಿದು ತಳ್ಳುತ್ತೇನೆ ಎಂದು ಬರೆದಿದ್ದೀರಿ. ಗೇರ್ ಇರುವ ಸೈಕಲ್ಲಿನಲ್ಲಿ ಹೀಗಾದರೆ ಬಹುತೇಕ ಗೇರು ತಡವಾಗಿ ಬದಲಾಗಿರುತ್ತದೆ. ಭಾರದ ಗೇರಿನಲ್ಲಿ ನಿಧಾನ ತುಳಿಯುವುದು ಶಕ್ತಿಯ ಲಕ್ಷಣ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಗುರ ಗೇರಿನಲ್ಲಿ ಬೇಗ ಬೇಗ ತುಳಿದರೆ ಪ್ರತಿ ಸುತ್ತಿಗೂ ಕಾಲಿನ ಮೇಲೆ ಬೀಳುವ ಭಾರ ಕಡಿಮೆ. ಉಸಿರು ಸ್ವಲ್ಪ ಏರುತ್ತದೆ, ಆದರೆ ಮೊಣಕಾಲು ಉಳಿಯುತ್ತದೆ. ಉಸಿರು ಎರಡು ನಿಮಿಷದಲ್ಲಿ ಸುಧಾರಿಸುತ್ತದೆ, ಮೊಣಕಾಲು ಎರಡು ವಾರ ತೆಗೆದುಕೊಳ್ಳುತ್ತದೆ. ಎಣಿಸುವುದೂ ಸುಲಭ. 15 ಸೆಕೆಂಡಿನಲ್ಲಿ ಬಲ ಮೊಣಕಾಲು ಎಷ್ಟು ಸಲ ಮೇಲೆ ಬಂತು ನೋಡಿ, ನಾಲ್ಕರಿಂದ ಗುಣಿಸಿ. ಹೊಸಬರದು ಸಾಮಾನ್ಯವಾಗಿ 50–60 ಇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ 75–85ಕ್ಕೆ ತರಲು ನೋಡಿ. ಮೊದಲ ವಾರ ಸುಮ್ನೆ ಕಾಲು ತಿರುಗಿಸುತ್ತಿದ್ದೇನೆ ಅನ್ನಿಸುತ್ತದೆ. ಬಿಡಬೇಡಿ.

ಏರು ಕಂಡ ಕೂಡಲೇ, ಅದರ ಬುಡಕ್ಕೆ ತಲುಪುವ ಮೊದಲೇ, ಗೇರು ಇಳಿಸಿಕೊಳ್ಳಿ. ಏರಿನ ನಡುವೆ ಪೂರ್ತಿ ಬಲ ಹಾಕಿ ತುಳಿಯುವಾಗ ಬದಲಿಸಿದರೆ ಚೈನು ಕಟಕಟ ಅನ್ನುತ್ತದೆ, ಕೆಲವೊಮ್ಮೆ ಕಳಚಿಕೊಳ್ಳುತ್ತದೆ. ಬದಲಿಸುವ ಆ ಒಂದು ಕ್ಷಣ ಪೆಡಲ್ ಮೇಲಿನ ಬಲ ಸಡಿಲಿಸಿ, ಆದರೆ ತಿರುಗಿಸುವುದನ್ನು ನಿಲ್ಲಿಸಬೇಡಿ. ಮುಂದೆ ಅತಿ ಚಿಕ್ಕ ಹಲ್ಲುಗಾಲಿ, ಹಿಂದೆ ಅತಿ ದೊಡ್ಡದು, ಅದು ನಿಮ್ಮ ಅತಿ ಹಗುರ ಗೇರು. ಅದನ್ನು ಬಳಸಲು ನಾಚಿಕೆ ಬೇಡ. ಅದು ಇರುವುದೇ ಏರಿಗಾಗಿ. ನಡಿಗೆಯ ವೇಗದಲ್ಲಾದರೂ ಸರಿ, ಕೂತೇ ಹತ್ತಿ.

ಈಗ ಕೈ. ಕಿರುಬೆರಳು ಮತ್ತು ಉಂಗುರ ಬೆರಳು ಎಂದು ನೀವು ಸರಿಯಾಗಿ ಗಮನಿಸಿ ಬರೆದಿದ್ದು ಒಳ್ಳೆಯದಾಯಿತು. ಆ ಎರಡು ಬೆರಳಿಗೆ ಹೋಗುವುದು ಅಲ್ನರ್ ಎಂಬ ನರ. ಅಂಗೈಯ ಬುಡದಲ್ಲಿ, ಕಿರುಬೆರಳ ಕಡೆಯ ದಪ್ಪ ಭಾಗದ ಕೆಳಗೇ ಅದು ಹಾದುಹೋಗುತ್ತದೆ. ಹ್ಯಾಂಡಲ್ ಮೇಲೆ ನಾವು ಭಾರ ಊರುವುದೂ ಅದೇ ಜಾಗದಲ್ಲಿ. ಹಾಗಾಗಿ ಕೈಗೆ ಭಾರ ಯಾಕೆ ಬೀಳುತ್ತಿದೆ ಎಂದು ಹುಡುಕಬೇಕು. ಮೊದಲು ಸೀಟಿನ ಮೂತಿ ನೋಡಿ. ಅದು ಕೆಳಗೆ ಬಾಗಿದ್ದರೆ ನೀವು ಪ್ರತಿ ಕ್ಷಣ ಮುಂದಕ್ಕೆ ಜಾರುತ್ತಿರುತ್ತೀರಿ, ಕೈಗಳು ನಿಮ್ಮನ್ನು ಹಿಂದಕ್ಕೆ ತಳ್ಳುತ್ತಿರುತ್ತವೆ. ಸೀಟು ನೆಲಕ್ಕೆ ಸಮನಾಗಿರಲಿ. ಸೀಟು ಏರಿಸಿದಾಗ ಹ್ಯಾಂಡಲ್ ಅದಕ್ಕಿಂತ ತೀರಾ ಕೆಳಗೆ ಉಳಿದರೆ ಹ್ಯಾಂಡಲನ್ನೂ ಎತ್ತರಿಸಬೇಕು. ಇದು ರಿಪೇರಿ ಅಂಗಡಿಯಲ್ಲಿ ಮಾಡಿಸುವುದು ವಾಸಿ.

ಆಮೇಲೆ ಮೊಣಕೈ. ಹೊಸಬರ ಕೈ ಕೋಲಿನ ಹಾಗೆ ನೆಟ್ಟಗಿರುತ್ತದೆ. ರಸ್ತೆಯ ಪ್ರತಿ ಏಟೂ ನೇರ ಭುಜಕ್ಕೆ ಹೋಗುತ್ತದೆ. ಮೊಣಕೈ ಸ್ವಲ್ಪ ಬಾಗಿಸಿ, ಹಿಡಿತ ಸಡಿಲ ಮಾಡಿ. ಮಣಿಕಟ್ಟು ಹಿಂದಕ್ಕೆ ಮುರಿದ ಹಾಗೆ ಇರಬಾರದು, ಮುಂಗೈಯ ನೇರಕ್ಕೇ ಇರಲಿ. ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಕೈ ತೆಗೆದು ಬೆರಳು ಕೊಡವಿ. ಹ್ಯಾಂಡಲಿನ ತುದಿಗೆ ಅಗಲವಾದ, ಅಂಗೈ ಊರುವಂಥ ರಬ್ಬರ್ ಹಿಡಿಗಳು ಸಿಗುತ್ತವೆ. ಹೈಬ್ರಿಡ್ ಸೈಕಲ್ಲಿಗೆ ಅವು ನಿಜಕ್ಕೂ ಉಪಯೋಗ. ಇಷ್ಟೆಲ್ಲ ಮಾಡಿದ ಮೇಲೂ ಸವಾರಿ ಮುಗಿದು ಒಂದು ದಿನವಾದರೂ ಜೋಮು ಹೋಗದಿದ್ದರೆ, ಅಥವಾ ಬೆರಳಿನ ಬಲವೇ ಕಡಿಮೆಯಾದ ಹಾಗೆ ಅನ್ನಿಸಿದರೆ, ವೈದ್ಯರನ್ನು ಕಾಣಿ. ನರದ ವಿಷಯದಲ್ಲಿ ಕಾಯುವುದು ಬೇಡ.

ಕೈ ನೋವಿಗೆ ಟಯರಿನ ಗಾಳಿಯೂ ಕಾರಣ. ಕಲ್ಲಿನ ಹಾಗೆ ಗಟ್ಟಿ ಗಾಳಿ ಹೊಡೆಸಿರುತ್ತೀರಿ ಅಂತ ನನ್ನ ಅನುಮಾನ. ಗಟ್ಟಿಯಾದಷ್ಟೂ ವೇಗ ಎಂಬ ನಂಬಿಕೆ ತುಂಬಾ ಹಳೆಯದು. ನುಣುಪಾದ ನೆಲದಲ್ಲಿ ಅದು ಸ್ವಲ್ಪ ನಿಜ. ತರಿತರಿ ರಸ್ತೆಯಲ್ಲಿ ಅತಿ ಗಟ್ಟಿ ಟಯರು ಪ್ರತಿ ಕಲ್ಲಿಗೂ ಸೈಕಲ್ಲನ್ನು ಮೇಲಕ್ಕೆಸೆಯುತ್ತದೆ. ಮುಂದಕ್ಕೆ ಹೋಗಬೇಕಾದ ಬಲ ಕುಲುಕಾಟಕ್ಕೆ ಹೋಗುತ್ತದೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದರು. ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ತಪ್ಪಿಸಲು ಅವರು ಅದನ್ನು ಮಾಡಿದ್ದು. ಏಟು ನುಂಗಬೇಕಾದ ಟಯರನ್ನು ನಾವೇ ಮರದ ಚಕ್ರದ ಹಾಗೆ ಗಟ್ಟಿ ಮಾಡಿದರೆ ಆ ಕೆಲಸ ಕೈ ಮತ್ತು ಬೆನ್ನಿಗೆ ಬೀಳುತ್ತದೆ.

ಟಯರಿನ ಪಕ್ಕದಲ್ಲಿ ಎರಡು ಅಂಕಿ ನೋಡಿ. ಒಂದು ಅಳತೆ, 38-622 ಎಂಬ ರೀತಿಯಲ್ಲಿ ಇರುತ್ತದೆ. 38 ಅಂದರೆ ಅಗಲ, ಮಿಲಿಮೀಟರಿನಲ್ಲಿ. 622 ಅಂದರೆ ಟಯರು ಕೂರುವ ರಿಮ್ಮಿನ ವ್ಯಾಸ. ಟ್ಯೂಬು, ಟಯರು ಕೊಳ್ಳುವಾಗ ಈ ಅಂಕಿ ಹೇಳಿದರೆ ತಪ್ಪಾಗುವುದಿಲ್ಲ. ಇನ್ನೊಂದು ಗಾಳಿಯ ಮಿತಿ, ಒತ್ತಡ ಅಳೆಯುವ ಪಿಎಸ್‌ಐ ಅಥವಾ ಬಾರ್‌ ಲೆಕ್ಕದಲ್ಲಿ. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಅಲ್ಲಿ ಬರೆದ ಗರಿಷ್ಠ ಅಂಕಿ ಮೀರಬಾರದ ಗೆರೆ, ನೀವು ತಲುಪಲೇಬೇಕಾದ ಗುರಿ ಅಲ್ಲ. ಈ ಗೊಂದಲವನ್ನು ನಾನು ಅತಿ ಹೆಚ್ಚು ನೋಡಿದ್ದೇನೆ. ಸುಮಾರು 70 ಕಿಲೋ ತೂಕದವರಿಗೆ 38 ಮಿ.ಮೀ. ಟಯರಿನಲ್ಲಿ ಹಿಂದೆ 55, ಮುಂದೆ 50 ಪಿಎಸ್‌ಐ ಇಟ್ಟು ಶುರು ಮಾಡಿಸುತ್ತೇನೆ. ಕಡಿಮೆ ಅನ್ನಿಸಿದರೆ ಏರಿಸಿ, ಕುಲುಕಿದರೆ ಇಳಿಸಿ, ಆದರೆ ಬರೆದಿರುವ ಕನಿಷ್ಠಕ್ಕಿಂತ ಕೆಳಗೆ ಬೇಡ. ತೀರಾ ಕಡಿಮೆಯಾದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ತೂತಾಗುತ್ತದೆ, ಹಾವು ಕಚ್ಚಿದ ಗುರುತಿನ ಹಾಗೆ. ಅಳತೆ ತೋರಿಸುವ ನೆಲದ ಪಂಪು ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ 50ಕ್ಕೂ 80ಕ್ಕೂ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಇನ್ನು ಲಾರಿ. ಹಿಂದೆ ಸದ್ದು ಬಂದ ಕೂಡಲೇ ಮಣ್ಣಿಗೆ ಇಳಿಯುವುದು ಸುರಕ್ಷಿತ ಅನ್ನಿಸುತ್ತದೆ. ನನಗೆ ಅದೇ ದೊಡ್ಡ ಆತಂಕ. ಟಾರಿನ ಅಂಚಿನಿಂದ ಮಣ್ಣು ಎರಡು ಮೂರು ಬೆರಳು ಕೆಳಗಿರುತ್ತದೆ. ಇಳಿಯುವುದು ಹೇಗೋ ಆಗುತ್ತದೆ. ಮತ್ತೆ ಹತ್ತುವಾಗ ಓರೆಯಾಗಿ ಹತ್ತಿಸಲು ಹೋದರೆ ಮುಂದಿನ ಚಕ್ರ ಅಂಚಿಗೆ ಉಜ್ಜಿಕೊಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹ್ಯಾಂಡಲ್ ತಿರುಗುತ್ತದೆ, ಸೈಕಲ್ ತಿರುಗುವುದಿಲ್ಲ. ಸವಾರ ರಸ್ತೆಯ ಒಳಕ್ಕೆ, ವಾಹನಗಳ ಕಡೆಗೇ ಬೀಳುತ್ತಾನೆ. ನಾನೂ ಒಮ್ಮೆ ಹೀಗೇ ಬಿದ್ದಿದ್ದೇನೆ. ಹಿಂದೆ ವಾಹನ ಇರಲಿಲ್ಲವಾದ್ದರಿಂದ ಮೊಣಕೈ ತರಚಿದ್ದಷ್ಟೇ. ಅಪ್ಪಿತಪ್ಪಿ ಮಣ್ಣಿಗೆ ಇಳಿದರೆ ಮಣ್ಣಿನಲ್ಲೇ ನಿಧಾನ ಮಾಡಿ, ನಿಂತು, ಸೈಕಲ್ ಎತ್ತಿ ರಸ್ತೆಗೆ ಇಡಿ. ರೈಲು ಹಳಿ ದಾಟುವಾಗಲೂ ಇದೇ ಎಚ್ಚರ ಬೇಕು. ಚಕ್ರ ಹಳಿಗೆ ಅಡ್ಡವಾಗಿ ಹಾಯಬೇಕು, ಓರೆಯಾಗಿ ಅಲ್ಲ. ಹಳಿ ಒದ್ದೆಯಿದ್ದರೆ ಇಳಿದು ನಡೆಯಿರಿ.

ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗಬೇಡಿ. ಅಂಚಿನಿಂದ ಸುಮಾರು ಒಂದು ಮೀಟರ್ ಒಳಗೆ ನಿಮ್ಮ ದಾರಿ ಇರಲಿ. ಅಂಚಿನಲ್ಲಿ ಗಾಜಿನ ಚೂರು, ಜಲ್ಲಿ, ಮುರಿದ ಟಾರು ಎಲ್ಲ ಸೇರಿರುತ್ತದೆ. ಅದನ್ನು ತಪ್ಪಿಸಲು ನೀವು ದಿಢೀರ್ ಒಳಕ್ಕೆ ತಿರುಗುತ್ತೀರಿ, ಹಿಂದಿನ ಚಾಲಕರಿಗೆ ಅದು ಗೊತ್ತಾಗುವುದಿಲ್ಲ. ಅಲ್ಲದೆ, ಪೂರ್ತಿ ಅಂಚಿನಲ್ಲಿದ್ದರೆ ಪಕ್ಕದಲ್ಲೇ ನುಸುಳಿ ಹೋಗಬಹುದು ಎಂದು ಚಾಲಕರಿಗೆ ಅನ್ನಿಸುತ್ತದೆ. ಕೊಂಚ ಒಳಗಿದ್ದರೆ ಅವರು ದಾರಿ ಬದಲಿಸಿಯೇ ದಾಟಬೇಕಾಗುತ್ತದೆ. ತೀರಾ ಒತ್ತಿ ಬಂದರೂ ನಿಮಗೆ ಸರಿಯಲು ಒಂದು ಮೀಟರ್ ಉಳಿದಿರುತ್ತದೆ. ನಿಂತ ಕಾರುಗಳ ಸಾಲಿದ್ದರೆ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಇರಲಿ. ಲಾರಿ ದಾಟುವಾಗ ಗಾಳಿ ಮೊದಲು ಆಚೆಗೆ ನೂಕಿ, ಆಮೇಲೆ ಒಳಕ್ಕೆ ಸೆಳೆದ ಹಾಗೆ ಆಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಬೆಚ್ಚಿಬೀಳುವುದಿಲ್ಲ. ಮೊಣಕೈ ಸಡಿಲವಾಗಿಟ್ಟು ನೇರ ನೋಡುತ್ತಾ ತುಳಿಯುತ್ತಿರಿ.

ಭಯ ಇಳಿಸುವ ಒಂದೇ ಒಂದು ಅಭ್ಯಾಸ ಹೇಳು ಅಂದರೆ ನಾನು ಹೇಳುವುದು, ಹಿಂತಿರುಗಿ ನೋಡುವುದು. ಖಾಲಿ ಮೈದಾನದಲ್ಲಿ ಒಂದು ನೇರ ಗೆರೆ ಹಿಡಿದು ಹೋಗುತ್ತಾ ಭುಜದ ಮೇಲಿಂದ ಹಿಂದೆ ನೋಡಿ, ಸೈಕಲ್ ಗೆರೆ ಬಿಡಬಾರದು. ಮೊದಮೊದಲು ತಲೆ ತಿರುಗಿದ ಕಡೆಗೆ ಸೈಕಲ್ಲೂ ವಾಲುತ್ತದೆ. ಗಲ್ಲವನ್ನು ಭುಜಕ್ಕೆ ತಂದು, ಆ ಕಡೆಯ ಕೈಯ ಹಿಡಿತ ಸಡಿಲಿಸಿದರೆ ವಾಲುವುದು ನಿಲ್ಲುತ್ತದೆ. ಹಿಂದೆ ಏನಿದೆ ಎಂದು ಕಂಡರೆ ಸದ್ದಿಗೆ ಹೆದರುವುದು ತಪ್ಪುತ್ತದೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಮಿನುಗುತ್ತಿರಲಿ. ಒಂದು ಮಾತು ಮಾತ್ರ ಮರೆಯಬೇಡಿ: ನಿಂತಿರುವ ಅಥವಾ ತಿರುಗಲು ನಿಧಾನಿಸಿರುವ ಲಾರಿ, ಬಸ್ಸಿನ ಪಕ್ಕದಲ್ಲಿ, ಅಂಚಿನ ಕಡೆಯಿಂದ ನುಸುಳಿ ಮುಂದೆ ಹೋಗಬೇಡಿ. ಆ ಜಾಗ ಚಾಲಕರಿಗೆ ಕಾಣುವುದಿಲ್ಲ. ಅವರು ತಿರುಗಿದರೆ ಹಿಂದಿನ ಚಕ್ರಗಳು ಅಂಚಿನ ಕಡೆಗೇ ಒತ್ತಿಕೊಂಡು ಬರುತ್ತವೆ. ಹಿಂದೆಯೇ ನಿಂತು ಕಾಯಿರಿ.

ಟ್ರೇಲ್‌ಗೆ ಬರೋಣ. ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಗಟ್ಟಿ ಮಣ್ಣಿನ ದಾರಿ, ಜಲ್ಲಿ ಹಾಸಿದ ದಾರಿ, ಹೊಲದ ಬದಿಯ ಗಾಡಿ ಜಾಡು ಇವುಗಳಿಗೆ 38–40 ಮಿ.ಮೀ. ಟಯರಿನ ಹೈಬ್ರಿಡ್ ಧಾರಾಳ ಸಾಕು. ಮೌಂಟನ್ ಬೈಕ್ ಹುಟ್ಟಿದ್ದೂ ಹಳೆಯ ಸೈಕಲ್ಲುಗಳಿಂದಲೇ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನು ಬೆಟ್ಟದ ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ಇಳಿಜಾರಿನ ಓಟಕ್ಕೆ ರೀಪ್ಯಾಕ್ ಎಂದು ಹೆಸರು. ಆ ಸೈಕಲ್ಲುಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಇತ್ತು. ಕೆಳಗೆ ಬರುವಷ್ಟರಲ್ಲಿ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಸುಟ್ಟುಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು, ಹೆಸರು ಬಂದದ್ದು ಅದರಿಂದ. 1977ರಲ್ಲಿ ಜೋ ಬ್ರೀಝ್ ಅದಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. ಸವಾರಿ ಮೊದಲು ಬಂತು, ಸೈಕಲ್ ಆಮೇಲೆ. ನಿಮಗೂ ಅದೇ ಕ್ರಮ ಇರಲಿ ಎಂದು ನನ್ನ ಆಸೆ.

ಮುಷ್ಟಿ ಗಾತ್ರದ ಸಡಿಲ ಕಲ್ಲು, ಬೇರು, ಮೆಟ್ಟಿಲಿನಂಥ ಇಳಿತ ಇರುವ ದಾರಿಗೆ ಮಾತ್ರ ನಿಮ್ಮ ಸೈಕಲ್ ಸಾಲದು. ಅಂಥ ಕಡೆ ಗೆಳೆಯರ ಮೌಂಟನ್ ಬೈಕನ್ನು ಎರಡು ಮೂರು ಸಲ ಕೇಳಿ ಓಡಿಸಿ ನೋಡಿ. ಪ್ರತಿ ವಾರ ಅಲ್ಲಿಗೇ ಹೋಗಬೇಕು ಅನ್ನಿಸಿದರೆ ಆಗ ಕೊಳ್ಳುವುದರಲ್ಲಿ ಅರ್ಥ ಇದೆ.

ಮಣ್ಣಿನ ಮೇಲೆ ಸವಾರಿ ಬೇರೆಯೇ. ರಸ್ತೆಯಲ್ಲಿ ಕೂತೇ ಇರಬಹುದು, ಟ್ರೇಲಿನಲ್ಲಿ ತರಿ ಬಂದಾಗ ಪೃಷ್ಠ ಸೀಟಿನಿಂದ ಎರಡು ಬೆರಳು ಮೇಲೇಳಬೇಕು. ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ, ಮೊಣಕಾಲು ಮೊಣಕೈ ಬಾಗಿರಲಿ. ಆಗ ಸೈಕಲ್ ನಿಮ್ಮ ಕೆಳಗೆ ಕುಣಿಯುತ್ತದೆ, ನೀವು ಕುಣಿಯುವುದಿಲ್ಲ. ಕಣ್ಣು ಮುಂದಿನ ಚಕ್ರದ ಬುಡದಲ್ಲಿ ಬೇಡ, ಹತ್ತು ಹದಿನೈದು ಅಡಿ ಮುಂದಿರಲಿ. ವೇಗ ಹೆಚ್ಚಿದಷ್ಟೂ ಇನ್ನೂ ದೂರ. ಕಲ್ಲನ್ನೇ ದಿಟ್ಟಿಸಿದರೆ ಕಲ್ಲಿಗೇ ಹೋಗುತ್ತೀರಿ. ಹೋಗಬೇಕಾದ ಜಾಗ ನೋಡಿ. ಮರಳು ಬಂದರೆ ಅದಕ್ಕೆ ಮೊದಲೇ ಒಂದು ಗೇರು ಇಳಿಸಿ, ಭಾರ ಸ್ವಲ್ಪ ಹಿಂದಕ್ಕೆ ಹಾಕಿ, ತುಳಿಯುತ್ತಲೇ ಇರಿ. ಮುಂದಿನ ಚಕ್ರ ಆಚೀಚೆ ಅಲೆದಾಡುತ್ತದೆ. ಅದನ್ನು ಜಗ್ಗಿ ಹಿಡಿಯಬೇಡಿ, ತಾನೇ ದಾರಿ ಹುಡುಕಿಕೊಳ್ಳುತ್ತದೆ. ಒದ್ದೆ ಬೇರನ್ನು ಅಡ್ಡವಾಗಿ, ಬ್ರೇಕ್ ಬಿಟ್ಟು ದಾಟಿ.

ಬ್ರೇಕ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೇವೆ ಎಂಬ ಹೆದರಿಕೆಗೆ ಎಷ್ಟೋ ಜನ ಹಿಂದಿನದನ್ನೇ ಹಿಡಿಯುತ್ತಾರೆ. ಆದರೆ ನಿಲ್ಲಿಸುವಾಗ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ. ಗಟ್ಟಿ ಒಣ ರಸ್ತೆಯಲ್ಲಿ ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಬ್ರೇಕಿನದೇ. ಯಾವ ಕೈಯದು ಮುಂದಿನದು ಎಂದು ಮೊದಲು ನೋಡಿಕೊಳ್ಳಿ, ಎಲ್ಲ ದೇಶಗಳಲ್ಲೂ ಅದು ಒಂದೇ ಕಡೆ ಇರುವುದಿಲ್ಲ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಶುರು ಮಾಡಿ ಹಂತ ಹಂತವಾಗಿ ಬಿಗಿ ಮಾಡಿ, ಜೊತೆಗೆ ಸೊಂಟ ಹಿಂದಕ್ಕೆ ಸರಿಸಿ. ಜಲ್ಲಿಯ ಮೇಲೆ ತಿರುವು ಬಂದರೆ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುಗುವಾಗ ಮುಂದಿನ ಬ್ರೇಕ್ ಬಿಡಿ. ಅಲ್ಲಿ ಹಿಡಿದರೆ ಚಕ್ರ ಜಾರುತ್ತದೆ, ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಹೆಲ್ಮೆಟ್ ಎರಡು ಕಡೆಯೂ ಬೇಕು. ಹುಬ್ಬಿನಿಂದ ಎರಡು ಬೆರಳು ಮೇಲೆ, ಹಣೆ ಮುಚ್ಚುವ ಹಾಗೆ. ಒಂದು ಸಲ ಬಿದ್ದು ಏಟು ತಿಂದ ಹೆಲ್ಮೆಟ್ ಬದಲಿಸಿ, ಹೊರಗೆ ಬಿರುಕು ಕಾಣದಿದ್ದರೂ. ಟ್ರೇಲಿಗೆ ಹೋಗುವಾಗ ಒಂದು ಟ್ಯೂಬು, ಟಯರು ಬಿಚ್ಚುವ ಪ್ಲಾಸ್ಟಿಕ್ ಕಡ್ಡಿ, ಕೈ ಪಂಪು, ಅಲೆನ್ ಕೀ ಗೊಂಚಲು ಜೊತೆಗಿರಲಿ. ಪಂಕ್ಚರ್ ಆದರೆ ಟ್ಯೂಬ್ ಬದಲಿಸುವ ಮೊದಲು ಟಯರಿನ ಒಳಗೆ ಮುಳ್ಳು ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಅದೇ ಮುಳ್ಳು ಹೊಸ ಟ್ಯೂಬಿಗೂ ಚುಚ್ಚುತ್ತದೆ. ಮನೆಗೆ ಬಂದು ಕೆಸರು ತೊಳೆಯುವಾಗ ಜೋರು ನೀರನ್ನು ಚಕ್ರದ ನಡುವಿಗೆ, ಪೆಡಲ್ ಕೂರುವ ಕ್ರ್ಯಾಂಕಿನ ಬುಡಕ್ಕೆ ಬಿಡಬೇಡಿ, ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಚೈನಿಗೆ ಎಣ್ಣೆ ಬಿಟ್ಟ ಮೇಲೆ ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುತ್ತದೆ ಅಷ್ಟೇ.

ದಾರಿಯನ್ನು ನಡೆಯುವವರ ಜೊತೆ ಹಂಚಿಕೊಂಡಿದ್ದೇವೆ ಅನ್ನುವುದೂ ನೆನಪಿರಲಿ. ಹಿಂದಿನಿಂದ ಬರುವಾಗ ದೂರದಲ್ಲೇ ಬೆಲ್ಲು ಮಾಡಿ, ನಿಧಾನಿಸಿ, ಅವರು ಸರಿದ ಮೇಲೆ ಹೋಗಿ. ಏರು ಹತ್ತಿ ಬರುವ ಸವಾರರಿಗೆ ಇಳಿಯುವವರು ದಾರಿ ಬಿಡಬೇಕು, ಅವರು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಮಳೆ ಬಂದು ಮಣ್ಣು ಮೆತ್ತಗಿರುವಾಗ ಟ್ರೇಲಿಗೆ ಹೋಗಲೇಬೇಡಿ. ಚಕ್ರ ಕೊರೆದ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿದು ದಾರಿ ಕೊಚ್ಚಿಹೋಗುತ್ತದೆ. ಬೇಕೆಂದೇ ಹಿಂದಿನ ಚಕ್ರ ಜಾರಿಸುವುದೂ ಇದೇ ಹಾನಿ ಮಾಡುತ್ತದೆ. ಕೆಸರು ಗುಂಡಿಯನ್ನು ಬಳಸಿಕೊಂಡು ಗಿಡದ ಮೇಲೆ ಹೋದರೆ ಒಂದು ಅಡಿಯ ದಾರಿ ಕ್ರಮೇಣ ಹತ್ತು ಅಡಿಯಾಗುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಗೆಳೆಯರಿಗೆ ಒಂದು ತಿಂಗಳು ತಡೆಯಿರಿ ಎಂದು ಹೇಳಿ. ಈ ವಾರ ಸೀಟು ಅರ್ಧ ಸೆಂಟಿಮೀಟರ್ ಏರಿಸಿ, ಗಾಳಿ ಅಳೆದು ಸರಿ ಮಾಡಿ, ಅದೇ 15 ಕಿ.ಮೀ. ಹಗುರ ಗೇರಿನಲ್ಲಿ ಹೋಗಿ ಬನ್ನಿ. ದೂರ ಹೆಚ್ಚಿಸುವುದು ಮತ್ತು ಮಣ್ಣಿಗಿಳಿಯುವುದು, ಎರಡನ್ನೂ ಒಂದೇ ವಾರ ಮಾಡಬೇಡಿ. ನಾಲ್ಕು ವಾರದ ಮೇಲೂ ನೋವು ಉಳಿದಿದ್ದರೆ ಮತ್ತೆ ಬರೆಯಿರಿ. ಆಗ ನೋವು ಮೊಣಕಾಲಿನ ಮುಂದಿದೆಯೋ, ಹಿಂದಿದೆಯೋ, ಪಕ್ಕದಲ್ಲೋ, ಎಷ್ಟನೇ ಕಿಲೋಮೀಟರಿಗೆ ಶುರುವಾಗುತ್ತದೆ ಎಂದೂ ತಿಳಿಸಿ. ಪಕ್ಕದಿಂದ ತೆಗೆದ ಒಂದು ಫೋಟೋ ಕಳಿಸಿ, ಸೀಟಿನ ಮೇಲೆ ಕೂತು ಕೆಳಗಿನ ಪೆಡಲ್ ಮೇಲೆ ಹಿಮ್ಮಡಿ ಇಟ್ಟಿರುವಂಥದ್ದು.